ಕಲಘಟಗಿ ತೊಟ್ಟಿಲಿನ ಥ್ರೀಡಿ ಸ್ಕ್ಯಾನ್: ಇಲ್ಲದ ಭಾಗ ತುಂಬುವುದು ಹೇಗೆ?

ತವರಿನ_ತೊಟ್ಟಿಲು, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಥ್ರೀಡಿ ಕೆಲಸ ನನಗೆ ಹೊಸದು. ಎರಡು ತಿಂಗಳಿಂದ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಕೂತು ಕಲಿಯುತ್ತಿದ್ದೇನೆ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಓದಿ.

ನನ್ನ ತವರು ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಅಟ್ಟದ ಮೇಲೆ ಒಂದು ಬಣ್ಣದ ತೊಟ್ಟಿಲಿದೆ. ಕಲಘಟಗಿ ಚಿತ್ರಗಾರರ ಕೈಯದು. ಸಾಗವಾನಿ ಕಟ್ಟಿಗೆ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಅರಗಿನ ಹೊಳಪು. ನಮ್ಮವ್ವ ಅದರಲ್ಲೇ ಮಲಗಿ ದೊಡ್ಡವಳಾದಳು. ಆಮೇಲೆ ನಾವು ಮೂವರು ಮಕ್ಕಳು. ನಡುನಡುವೆ ಓಣಿಯ ಕೂಸುಗಳು ಎಷ್ಟೋ. ನಮ್ಮ ಮನೆಯಲ್ಲಿ ತೊಟ್ಟಿಲು ಕೇಳಿಕೊಂಡು ಬಂದವರಿಗೆ ಇಲ್ಲ ಅಂದದ್ದಿಲ್ಲ. ಹೆಸರಿಡುವ ಹೊತ್ತಿಗೆ ಒಯ್ಯುತ್ತಿದ್ದರು, ಕೂಸು ಎದ್ದು ಕೂರಲು ಕಲಿತ ಮೇಲೆ ತಂದು ಕೊಡುತ್ತಿದ್ದರು. ಹಾಗೆ ಹೋದದ್ದು ಒಮ್ಮೆ ಮಳೆಗಾಲದಲ್ಲಿ ವಾಪಸ್ ಬಂತು. ಎರಡು ಕಂಬ ಇರಲಿಲ್ಲ. ಒಂದು ಮೂಲೆಯ ಕಳಸ ಇರಲಿಲ್ಲ. ಒಂದು ಹಲಗೆ ನೀರು ಕುಡಿದಿತ್ತು. ಏನಾಯಿತು ಅಂತ ಅವ್ವ ಇವತ್ತಿನವರೆಗೂ ಅವರನ್ನು ಕೇಳಿಲ್ಲ. ಸುಮ್ನೆ ಅಟ್ಟಕ್ಕೆ ಹಾಕಿಸಿಬಿಟ್ಟಳು.

ಈಗ ತಂಗಿ ಏಳು ತಿಂಗಳ ಬಸುರಿ. ಕೂಸನ್ನು ಅದೇ ತೊಟ್ಟಿಲಿಗೆ ಹಾಕಬೇಕು ಅಂತ ಅವಳ ಆಸೆ, ನನ್ನದೂ ಅದೇ. ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಎಲ್ಲಾ ಉಜ್ಜಿ ತೆಗದು, ಹೊಸಾ ಪೇಂಟ್ ಹೊಡದು ಕೊಡ್ತೀವ್ರಿ, ಗುರ್ತನ ಸಿಗಂಗಿಲ್ಲ" ಅಂದರು. ಗುರುತೇ ಸಿಗದ ಹಾಗೆ ಆದರೆ ಅದು ನಮ್ಮ ತೊಟ್ಟಿಲು ಹೇಗಾಗುತ್ತದೆ? ಎದ್ದು ಬಂದೆ. ಮೊದಲು ಇರುವುದನ್ನು ಇರುವ ಹಾಗೆ ಸ್ಕ್ಯಾನ್ ಮಾಡಿಡೋಣ, ಆಮೇಲೆ ಇಲ್ಲದ್ದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡೋಣ, ಸರಿ ಅನಿಸಿದರೆ ಕಟ್ಟಿಗೆಯಲ್ಲಿ ಮಾಡಿಸೋಣ ಅಂತ ಶುರು ಮಾಡಿದೆ.

ತೊಟ್ಟಿಲು 92 ಸೆಂಟಿಮೀಟರ್ ಉದ್ದ, 54 ಅಗಲ. ನಾಲ್ಕೂ ಕಡೆ ಚಿತ್ರ ಬರೆದ ಹಲಗೆ. ಹಲಗೆಯ ಮೇಲೆ ಕಟಕಟೆಯ ಹಾಗೆ ಸಣ್ಣ ಸಣ್ಣ ಕಡೆದ ಕಂಬಗಳ ಸಾಲು. ಉದ್ದದ ಬದಿಗೆ ಏಳೇಳು, ಅಡ್ಡ ಬದಿಗೆ ನಾಲ್ಕು ನಾಲ್ಕು, ಒಟ್ಟು 22. ಈಗ 20 ಉಳಿದಿವೆ. ಹೋದ ಎರಡೂ ಒಂದೇ ಉದ್ದದ ಬದಿಯವು.

ಪಡಸಾಲೆಯ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟೆ. ಸುತ್ತ ಓಡಾಡಿ ಫೋನಿನಲ್ಲಿ 96 ಫೋಟೋ ತೆಗೆದು, ಫೋಟೋಗಳಿಂದ ಥ್ರೀಡಿ ಆಕಾರ ಮಾಡುವ ಮೆಶ್‌ರೂಮ್ ಎಂಬ ಸಾಫ್ಟ್‌ವೇರಿಗೆ ಕೊಟ್ಟೆ. ಬಂದದ್ದು ನೋಡಿ ಅಳು ಬಂತು. ಕಂಬಗಳು ಕರಗಿದ ಮೇಣದಬತ್ತಿಯ ಹಾಗಿವೆ. ಹಲಗೆ ಹೊಳೆಯುವ ಕಡೆಯೆಲ್ಲ ತಗ್ಗು ಬಿದ್ದಿದೆ. ತಳ ಇಲ್ಲವೇ ಇಲ್ಲ. ಅದನ್ನು ತಿದ್ದಲು ಮೆಶ್‌ಲ್ಯಾಬ್ ಎಂಬ ಸಾಫ್ಟ್‌ವೇರ್‌ನಲ್ಲಿ, ಬಿಂದುಗಳಿಂದ ಮೇಲ್ಮೈ ಕಟ್ಟುವ ಪಾಸಾನ್ ವಿಧಾನ ಹಾಕಿದೆ. ತೂತೆಲ್ಲ ಮುಚ್ಚಿದವು, ಜೊತೆಗೆ ತೊಟ್ಟಿಲಿನ ಬಾಯಿಯೂ ಮುಚ್ಚಿತು. ಮೇಲೆ ಬಲೂನಿನ ಹಾಗೆ ಉಬ್ಬಿಕೊಂಡಿದೆ, ಕೂಸು ಮಲಗುವ ಜಾಗವೇ ಇಲ್ಲ.

ಈಗ ಪ್ರಶ್ನೆ. ಹೊಳಪು ತಡೆಯಲು ಮುಖದ ಪೌಡರ್ ಉದುರಿಸಬಹುದಾ? ಹೋದ ಕಂಬಕ್ಕೆ ಪಕ್ಕದ್ದನ್ನು ಕಾಪಿ ಮಾಡಿದರೆ ಸಾಕಾ, ಇಲ್ಲ ಇಪ್ಪತ್ತರ ಸರಾಸರಿ ತೆಗೆಯಬೇಕಾ? ನನಗೆ ಸರಾಸರಿಯೇ ನ್ಯಾಯ ಅನಿಸುತ್ತದೆ. ವರ್ನಿಯರ್ ಹಿಡಿದು ಒಂದು ಕಂಬ ಅಳೆದೆ. ಒಂದು ಕಡೆಯಿಂದ 31.2 ಮಿಲಿಮೀಟರ್ ಬಂತು, ಅದೇ ಎತ್ತರದಲ್ಲಿ ಅಡ್ಡ ಹಿಡಿದು ಅಳೆದರೆ 30.4. ನನ್ನ ಕೈ ತಪ್ಪಾ? ಉಳಿದ ಮೂರು ಕಳಸಗಳೂ ಒಂದೇ ಥರ ಇಲ್ಲ. ತಲೆ ಕಡೆಯ ಎರಡು ಎತ್ತರ, ಕಾಲ ಕಡೆಯದು ಗಿಡ್ಡ. ಯಾವುದನ್ನು ನೋಡಿ ಮಾಡಲಿ? ನೀರು ಕುಡಿದ ಹಲಗೆಯಲ್ಲಿ ಕೊಳಲು ಹಿಡಿದ ಕೃಷ್ಣ, ಎಡಕ್ಕೆ ಗೋಪಿಯರು. ಬಲದ ಅರ್ಧ ಎದ್ದುಹೋಗಿದೆ. ಎಡದ ಅರ್ಧವನ್ನು ಕನ್ನಡಿಯ ಹಾಗೆ ತಿರುಗಿಸಿ ಬಲಕ್ಕೆ ಹಾಕಬಹುದಾ? ಇದನ್ನೆಲ್ಲ ಎಐ ತಾನೇ ತುಂಬಿಕೊಡುತ್ತದೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ನಂಬಬಹುದಾ?

ಬೆಟಗೇರಿ_ಕ್ಯಾಮೆರಾ, ಗದಗ

ಮೇಡಂ, ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ "ಇಲ್ಲ" ಸೇರಿಕೊಂಡಿವೆ. ಅದನ್ನು ಮೊದಲು ಬಿಡಿಸಬೇಕು. ತಳ ತೊಟ್ಟಿಲಿನಲ್ಲಿ ಇದೆ, ಸ್ಕ್ಯಾನಿನಲ್ಲಿ ಇಲ್ಲ. ಕಂಬ ತೊಟ್ಟಿಲಿನಲ್ಲೇ ಇಲ್ಲ. ಮೊದಲನೆಯದಕ್ಕೆ ಸಾಫ್ಟ್‌ವೇರ್ ಹುಡುಕಬೇಡಿ. ರವಿವಾರ ಬಸ್ ಹತ್ತಿ ಊರಿಗೆ ಹೋಗಿ ಮತ್ತೆ ಫೋಟೋ ತೆಗೆಯಿರಿ. ವಸ್ತು ಎದುರಿಗೇ ಇರುವಾಗ ಊಹೆ ಮಾಡಿ ತುಂಬುವುದು ಸರಿಯಲ್ಲ. ನಾನು ನಮ್ಮ ಜಿಲ್ಲೆಯ ವೀರಗಲ್ಲುಗಳ ಫೋಟೋ ತೆಗೆದು ಮಾಡೆಲ್ ಮಾಡುತ್ತೇನೆ. ಗೋಡೆಗೆ ಒರಗಿದ ಕಲ್ಲಿನ ಹಿಂಬದಿಯನ್ನು ಶುರುವಿನಲ್ಲಿ ನಾನೂ ಹಾಗೆ ಮುಚ್ಚುತ್ತಿದ್ದೆ. ಈಗ ಕಾಣದ ಜಾಗವನ್ನು ತೂತಾಗಿಯೇ ಬಿಡುತ್ತೇನೆ.

ಕಂಬ ಕರಗಿದ್ದಕ್ಕೆ ಕಾರಣ ನೀವೇ ಬರೆದಿದ್ದೀರಿ. ತೂಗುಬಿಟ್ಟಿದ್ದೀರಿ. ಫೋಟೋಗಳಿಂದ ಆಕಾರ ತೆಗೆಯುವ ಲೆಕ್ಕ ನಡೆಯುವುದೇ ವಸ್ತು ಅಲುಗಾಡಿಲ್ಲ, ಕ್ಯಾಮೆರಾ ಮಾತ್ರ ಸರಿದಿದೆ ಎಂಬ ನಂಬಿಕೆಯ ಮೇಲೆ. ತೊಟ್ಟಿಲು ಗಾಳಿಗೆ ಒಂದು ಬೆರಳಿನಷ್ಟು ಸರಿದರೂ 3 ಸೆಂಟಿಮೀಟರ್ ದಪ್ಪದ ಕಂಬ ಉಳಿಯುವುದಿಲ್ಲ. ಇಳಿಸಿ. ಗಟ್ಟಿ ಬೆಂಚಿನ ಮೇಲೆ ಇಡಿ. ಕೆಳಗೆ ಹಳೆಯ ಪೇಪರ್ ಹಾಸಿ. ಅಚ್ಚಿನ ಅಕ್ಷರಗಳಿರುವುದರಿಂದ ಒಂದು ಫೋಟೋಗೆ ಇನ್ನೊಂದನ್ನು ಜೋಡಿಸಲು ಸಾಫ್ಟ್‌ವೇರಿಗೆ ಬೇಕಾದಷ್ಟು ಗುರುತು ಸಿಗುತ್ತದೆ. ಒಂದು ಸ್ಟೀಲ್ ಪಟ್ಟಿ ಪಕ್ಕಕ್ಕೆ ಇಡಿ. ಫೋಟೋದಿಂದ ಆಕಾರ ಬರುತ್ತದೆ, ಅಳತೆ ಬರುವುದಿಲ್ಲ. ಅದನ್ನು ನೀವೇ ಕೊಡಬೇಕು.

ಪೌಡರ್ ಮಾತ್ರ ಬೇಡವೇ ಬೇಡ. ಹಳೆಯ ಅರಗಿನ ಬಿರುಕಿಗೆ ಹೊಕ್ಕರೆ ಮತ್ತೆ ಬರುವುದಿಲ್ಲ. ಮೋಡದ ದಿನ ನೋಡಿ, ಬಾಗಿಲ ಬಳಿ ನೆರಳಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಹಾಕಬೇಡಿ. ಹೊಳಪಿನ ಚುಕ್ಕೆ ನೀವು ಸರಿದ ಹಾಗೆ ಸರಿಯುತ್ತದೆ. ಸಾಫ್ಟ್‌ವೇರ್ ಅದನ್ನೇ ಮೇಲ್ಮೈ ಅಂದುಕೊಂಡು ತಗ್ಗು ತೋಡುತ್ತದೆ. ಗೆಳೆಯರ ಹತ್ತಿರ ಕ್ಯಾಮೆರಾ ಇದ್ದರೆ ಪೋಲರೈಸರ್ ಫಿಲ್ಟರ್ ಹಾಕಿ ನೋಡಿ, ಹೊಳಪು ಎಷ್ಟೋ ಕಡಿಮೆಯಾಗುತ್ತದೆ. ಅಕ್ಕಪಕ್ಕದ ಫೋಟೋಗಳಲ್ಲಿ ಮುಕ್ಕಾಲು ಭಾಗ ಒಂದೇ ದೃಶ್ಯ ಇರಲಿ. 96 ಸಾಲದು, 200 ದಾಟಲಿ. ಆಮೇಲೆ ಕೆಳಗೆ ದಪ್ಪ ಕೌದಿ ಹಾಕಿ ತೊಟ್ಟಿಲನ್ನು ಮೆಲ್ಲಗೆ ಮಗುಚಿ, ತಳದ್ದು ಇನ್ನೊಂದು ಸುತ್ತು ತೆಗೆಯಿರಿ. ಎರಡು ಮಾಡೆಲ್‌ಗಳಲ್ಲೂ ಕಾಣುವ ಮೂರ್ನಾಲ್ಕು ಗುರುತು ಹಿಡಿದು ಕ್ಲೌಡ್‌ಕಂಪೇರ್ ಎಂಬ ಸಾಫ್ಟ್‌ವೇರ್‌ನಲ್ಲಿ ಜೋಡಿಸಬಹುದು. ಒರಟಾಗಿ ಜೋಡಿಸಿದರೆ ಸಾಕು, ಉಳಿದದ್ದನ್ನು ಐಸಿಪಿ ಎಂಬ ಲೆಕ್ಕ ಕೂರಿಸುತ್ತದೆ.

ಪಾಸಾನ್ ತಪ್ಪು ಮಾಡಿಲ್ಲ. 2006ರಲ್ಲಿ ಕಜ್ಡಾನ್, ಬೋಲಿಥೋ, ಹೋಪ್ ಎಂಬ ಮೂವರು ಕೊಟ್ಟ ವಿಧಾನ ಅದು. ಪ್ರತಿ ಬಿಂದುವೂ ತಾನು ಯಾವ ಕಡೆ ಮುಖ ಮಾಡಿದೆ ಅಂತ ಹೇಳುತ್ತದೆ. ಅದರಿಂದ ಒಳಗು ಯಾವುದು, ಹೊರಗು ಯಾವುದು ಅಂತ ಲೆಕ್ಕ ಹಾಕಿ ನಡುವಿನ ಗಡಿಯನ್ನು ಮೇಲ್ಮೈ ಮಾಡುತ್ತದೆ. ತೂಗುಬಿಟ್ಟ ತೊಟ್ಟಿಲಿನ ಒಳಭಾಗ ನಿಮ್ಮ ಫೋಟೋಗಳಲ್ಲಿ ಬಂದೇ ಇಲ್ಲ ಅನಿಸುತ್ತದೆ. ಹಾಗಾಗಿ ಅದರ ಲೆಕ್ಕದಲ್ಲಿ ನಿಮ್ಮ ತೊಟ್ಟಿಲು ಗಟ್ಟಿ ದಿಮ್ಮಿ. ಮುಂದಿನ ಸಲ ಪಾಸಾನ್ ಮುಗಿದ ಮೇಲೆ ಬಿಂದುಗಳು ತೆಳುವಾಗಿರುವ ಜಾಗ ಆರಿಸಿ ಅಳಿಸಿ. ಮೆಶ್‌ಲ್ಯಾಬ್ ಆ ದಟ್ಟಣೆಯ ಅಂಕಿಯನ್ನು ವರ್ಟೆಕ್ಸ್ ಕ್ವಾಲಿಟಿ ಎಂಬ ಹೆಸರಿನಲ್ಲಿ ಇಟ್ಟಿರುತ್ತದೆ. ಉಬ್ಬಿದ್ದೆಲ್ಲ ಅಲ್ಲೇ ಹೋಗುತ್ತದೆ.

ಕಂಬದ ವಿಷಯ ಲೇತ್ ಕೆಲಸ, ಅಂದರೆ ಯಂತ್ರದಲ್ಲಿ ತಿರುಗಿಸಿ ಕಡೆಯುವ ಕೆಲಸ ಬಲ್ಲವರು ಹೇಳಲಿ. ಒಂದು ಮಾತ್ರ ಹೇಳುತ್ತೇನೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಂಬಗಳನ್ನು ನೋಡಿದ್ದೀರಾ? ಕಲ್ಯಾಣ ಚಾಲುಕ್ಯರ ಕಾಲದವರು ಬಳಪದ ಕಲ್ಲನ್ನು ತಿರುಗಿಸಿ ಕಡೆದದ್ದು. ಅಂಥ ಕಂಬದ ಒಂದು ಬದಿ ಸಿಕ್ಕರೂ ಇಡೀ ಕಂಬ ಸಿಕ್ಕ ಹಾಗೆ. ನಿಮ್ಮ ತೊಟ್ಟಿಲಿನ ಕಂಬವೂ ಅದೇ ಜಾತಿ.

ಲೇತ್_ಮನೆ, ಹಳೇ ಹುಬ್ಬಳ್ಳಿ

ಅಕ್ಕಾರೆ, ನಮ್ಮ ಅಪ್ಪ ಮತ್ತು ನಾನು ಕಟ್ಟಿಗೆ ಲೇತ್ ನಡೆಸುತ್ತೇವೆ. ನಿಮ್ಮ ಕೈ ತಪ್ಪಿಲ್ಲ. 31.2 ಮತ್ತು 30.4 ಎರಡೂ ಸರಿ. ಕಟ್ಟಿಗೆ ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಜಾಸ್ತಿ ಕುಗ್ಗುತ್ತದೆ, ಉಂಗುರಕ್ಕೆ ಅಡ್ಡ ಕಡಿಮೆ. ದುಂಡಗೆ ಕಡೆದದ್ದು ವರ್ಷ ಕಳೆದಂತೆ ಸ್ವಲ್ಪ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಸ್ಕ್ಯಾನಿನಲ್ಲಿ ಹಾಗೆ ಬಂದರೆ ತಿದ್ದಲು ಹೋಗಬೇಡಿ. ಹಳೆಯ ಕಂಬ ಹಾಗೇ ಇರಲಿ. ಹೊಸದನ್ನು ಮಾತ್ರ ದುಂಡಗೆ ಮಾಡಿ.

ಸರಾಸರಿ ಬೇಡ. ಕೈಯಿಂದ ಕಡೆದ ಕಂಬದಲ್ಲಿ ಉಬ್ಬು, ಕುತ್ತಿಗೆ, ಗೆರೆ ಎಲ್ಲ ಇರುತ್ತವೆ. ಆದರೆ ಒಂದೊಂದರಲ್ಲಿ ಒಂದೊಂದು ಎತ್ತರದಲ್ಲಿ, ಅರ್ಧ ಮಿಲಿಮೀಟರ್ ಮೇಲೆ ಕೆಳಗೆ. ಇಪ್ಪತ್ತನ್ನು ಕೂಡಿಸಿ ಭಾಗಿಸಿದರೆ ಚೂಪಾದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಮೊಂಡಾಗುತ್ತವೆ. ಕೊನೆಗೆ ಸಿಗುವುದು ಯಾರೂ ಕಡೆಯದ ಕಂಬ. ಅದರ ಬದಲು ಅದೇ ಬದಿಯ, ಹೋದದ್ದರ ಪಕ್ಕದ ಒಂದು ಒಳ್ಳೆಯ ಕಂಬ ಆರಿಸಿ. ನಡು ಅಕ್ಷ ಹಿಡಿದು ಉದ್ದಕ್ಕೆ ಸೀಳಿ ಅರ್ಧದ ಗೆರೆ ತೆಗೆಯಿರಿ. ಬ್ಲೆಂಡರ್ ಎಂಬ ಥ್ರೀಡಿ ಸಾಫ್ಟ್‌ವೇರ್‌ನಲ್ಲಿ ಸ್ಕ್ರೂ ಮಾಡಿಫೈಯರ್ ಹಾಕಿ ಆ ಗೆರೆಯನ್ನು 360 ಡಿಗ್ರಿ ತಿರುಗಿಸಿದರೆ ಕಂಬ ನಿಲ್ಲುತ್ತದೆ. ಲೇತ್ ಮಾಡುವುದೂ ಅದನ್ನೇ ಅಲ್ವಾ?

ಇನ್ನೊಂದು. ಕಂಬ ಹೋದರೂ ಅದು ಕೂತಿದ್ದ ಕುಳಿ ಉಳಿದಿರುತ್ತದೆ, ಕೆಳಗೊಂದು ಮೇಲೊಂದು. ಕ್ಯಾಮೆರಾ ಆ ಕುಳಿಯ ಒಳಗೆ ನೋಡುವುದಿಲ್ಲ. ಒಂದು ಊದಿನಕಡ್ಡಿ ಇಳಿಸಿ ಆಳ ಅಳೆಯಿರಿ, ಬಾಯಿಯ ಅಗಲ ವರ್ನಿಯರ್‌ನಲ್ಲಿ ಅಳೆಯಿರಿ. ಹೋದ ಕಂಬದ ಪೂರ್ತಿ ಉದ್ದ, ತುದಿಯ ದಪ್ಪ ಎರಡೂ ಅಲ್ಲಿ ಬರೆದಿಟ್ಟ ಹಾಗಿರುತ್ತದೆ. ಕಳಸಕ್ಕೆ ಕಾಲ ಕಡೆಯ ಗಿಡ್ಡದ್ದನ್ನೇ ನೋಡಿ ಮಾಡಿ. ತಲೆ ಕಡೆ ಎರಡು ಎತ್ತರ ಇದ್ದರೆ ಕಾಲ ಕಡೆ ಎರಡೂ ಗಿಡ್ಡ ಇದ್ದವು ಅನ್ನುವುದು ಗಟ್ಟಿ ಊಹೆ. ಆದರೂ ಊಹೆಯೇ.

ಥ್ರೀಡಿ ಪ್ರಿಂಟ್ ಮಾಡಿಸಬೇಡಿ. ಕೂಸು ಕಂಬ ಹಿಡಿದು ಕಚ್ಚುತ್ತದೆ. ಅರ್ಧದ ಗೆರೆಯನ್ನು ಕಾಗದದ ಮೇಲೆ ಅಷ್ಟೇ ಅಳತೆಗೆ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ ಕತ್ತರಿಸಿ ತನ್ನಿ. ಆ ರಟ್ಟನ್ನು ಹಿಡಿದು ಹಿಡಿದು ನೋಡುತ್ತ ಕಡೆದು ಕೊಡುತ್ತೇವೆ.

ಪಾಯಿಂಟ್‌ಕ್ಲೌಡ್_ವಿದ್ಯಾರ್ಥಿ, ಧಾರವಾಡ

ಮೇಡಂ, ಎಐ ಬಗ್ಗೆ ನಾನು ಹೇಳುತ್ತೇನೆ. ನನ್ನ ಪ್ರಾಜೆಕ್ಟ್ ಇದರ ಮೇಲೆಯೇ. ಅರ್ಧ ಸ್ಕ್ಯಾನ್ ಕೊಟ್ಟರೆ ಪೂರ್ತಿ ಆಕಾರ ಕೊಡುವ ಜಾಲಗಳಿವೆ. 2018ರಲ್ಲಿ ಬಂದ ಪಿಸಿಎನ್ ಎಂಬುದನ್ನು ಈಗಲೂ ಎಲ್ಲರೂ ಹೋಲಿಕೆಗೆ ಬಳಸುತ್ತಾರೆ. ಅದಕ್ಕೆ ಕಲಿಸಿದ್ದು ಎಂಟು ಬಗೆಯ ವಸ್ತು: ವಿಮಾನ, ಬೀರು, ಕಾರು, ಕುರ್ಚಿ, ದೀಪ, ಸೋಫಾ, ಟೇಬಲ್, ಹಡಗು. ತೊಟ್ಟಿಲು ಅದರಲ್ಲಿಲ್ಲ. ನಿಮ್ಮ ತೊಟ್ಟಿಲು ಕೊಟ್ಟರೆ ಅದು ತನಗೆ ಗೊತ್ತಿರುವ ಸೋಫಾ, ಟೇಬಲ್‌ಗಳ ನೆನಪಿನಲ್ಲಿ ತುಂಬುತ್ತದೆ. ಈಚಿನ ದೊಡ್ಡ ಮಾದರಿಗಳು ನೋಡಲು ಚೆಂದ ಮಾಡಿಕೊಡುತ್ತವೆ. ಆದರೆ ಹೀಗೆ ಇರಬಹುದು ಅನ್ನುವುದನ್ನು ಕೊಡುತ್ತವೆ. ನಿಮಗೆ ಬೇಕಾದದ್ದು ಹೀಗೆ ಇತ್ತು ಅನ್ನುವುದು.

ಮತ್ತೆ ಫೋಟೋ ತೆಗೆದ ಮೇಲೂ ಸಣ್ಣ ತೂತು ಉಳಿಯುತ್ತವೆ, ಬೇಜಾರಾಗಬೇಡಿ. 1998-99ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ ಫ್ಲಾರೆನ್ಸ್‌ಗೆ ಹೋಗಿ ಮೈಕೆಲೇಂಜಲೋನ ಡೇವಿಡ್ ಮೂರ್ತಿಯನ್ನು ಲೇಸರ್ ಹಾಕಿ ಸ್ಕ್ಯಾನ್ ಮಾಡಿತು. ಐದು ಮೀಟರಿಗೂ ಎತ್ತರದ ಮೂರ್ತಿ. ಅಷ್ಟು ದೊಡ್ಡ ಸಲಕರಣೆ ಇದ್ದರೂ ಬೆಳಕು ಹೋಗದ ಸಂದಿಗಳಲ್ಲಿ ತೂತು ಉಳಿದವು. 2002ರಲ್ಲಿ ಅದೇ ವಿಶ್ವವಿದ್ಯಾಲಯದವರು ಅಂಥ ತೂತು ತುಂಬಲು ಒಂದು ವಿಧಾನ ಕೊಟ್ಟರು. ಒದ್ದೆ ಬಟ್ಟೆಯ ಮೇಲೆ ಮಸಿ ಹರಡುವ ಹಾಗೆ, ತೂತಿನ ಅಂಚಿನ ಮೇಲ್ಮೈಯನ್ನು ಮೆಲ್ಲಗೆ ಒಳಗೆ ಹರಡಿಸುವುದು. ಎರಡು ಕಂಬದ ನಡುವಿನ ಸಂದಿಯಲ್ಲಿ ಕಾಳಿನಷ್ಟು ತೂತು ಇದ್ದರೆ ಹಾಗೆ ಮುಚ್ಚಬಹುದು. ಅಂಗೈಯಷ್ಟು ಇದ್ದರೆ ಬೇಡ.

ಹಳೆಯ_ಕುಂಚ, ಧಾರವಾಡ

ತಂಗಿ, ನಾನು ಮೂವತ್ತೆರಡು ವರ್ಷ ಚಿತ್ರಕಲೆ ಕಲಿಸಿದವನು. ಥ್ರೀಡಿ ನನಗೆ ತಿಳಿಯದು. ಚಿತ್ರದ ಬಗ್ಗೆ ಎರಡು ಮಾತು.

ಕನ್ನಡಿಯ ಹಾಗೆ ತಿರುಗಿಸಬೇಡಿ. ಕಂಬಕ್ಕೆ ಎಡ ಬಲ ಇಲ್ಲ, ಕೃಷ್ಣನಿಗೆ ಇದೆ. ತಿರುಗಿಸಿದರೆ ಕೊಳಲು ತಪ್ಪು ಬದಿಗೆ ಹೋಗುತ್ತದೆ, ಉಟ್ಟ ಸೀರೆಯ ಸೆರಗು ತಪ್ಪು ಹೆಗಲಿಗೆ ಬರುತ್ತದೆ. ಬಲದ ಅರ್ಧದಲ್ಲಿ ಗೋಪಿಯರೇ ಇದ್ದರೋ, ಆಕಳು ಇದ್ದವೋ, ಒಂದು ಮರವೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವ್ವನನ್ನು ಕೇಳಿ. ಆ ತೊಟ್ಟಿಲ ಪಕ್ಕ ಕೂತು ಮೂರು ಮಕ್ಕಳನ್ನು ತೂಗಿದವರು. ಅವರ ಕಣ್ಣಿಗೆ ನೆನಪಿರಬಹುದು.

1964ರ ವೆನಿಸ್ ಸನ್ನದಿನಲ್ಲಿ ಹಳೆಯ ಕಟ್ಟಡಗಳ ಬಗ್ಗೆ ಎರಡು ನಿಯಮ ಇವೆ. ಊಹೆ ಶುರುವಾಗುವ ಕಡೆ ದುರಸ್ತಿ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹೊಸದು ಅಂತ ಗೊತ್ತಾಗಬೇಕು. ತೊಟ್ಟಿಲಿಗೂ ಅದು ಸಲ್ಲುತ್ತದೆ ಅಂತ ನನಗೆ ಅನಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಕಂಡದ್ದಕ್ಕೆ ಒಂದು ಬಣ್ಣ, ಅಳತೆ ಹಿಡಿದು ಮಾಡಿದ್ದಕ್ಕೆ ಒಂದು, ಊಹೆಗೆ ಒಂದು ಅಂತ ಇಡಿ. ಎದ್ದುಹೋದ ಚಿತ್ರದ ಜಾಗದಲ್ಲಿ ಹಲಗೆಯ ತಳದ ಬಣ್ಣ ಮಾತ್ರ ಇರಲಿ. ಆ ಉಜ್ಜುವವರ ಹತ್ತಿರ ಮಾತ್ರ ಕೊಡಬೇಡಿ. ಒಮ್ಮೆ ಉಜ್ಜಿದರೆ ಯಾವ ಸ್ಕ್ಯಾನೂ ವಾಪಸ್ ತರುವುದಿಲ್ಲ.

ತವರಿನ_ತೊಟ್ಟಿಲು, ಹುಬ್ಬಳ್ಳಿ

ಎಲ್ಲರಿಗೂ ಶರಣು. ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ, ತಡವಾಯಿತು.

ಊರಿಗೆ ಹೋದೆ. ಮೋಡ ಇತ್ತು. ಬೆಂಚು, ಪೇಪರ್, ಸ್ಟೀಲ್ ಪಟ್ಟಿ ಎಲ್ಲ ಹೇಳಿದ ಹಾಗೆ ಇಟ್ಟೆ. ನೇರ ಇಟ್ಟು 214, ಮಗುಚಿ 88 ಫೋಟೋ. ಈ ಸಲ ಕಂಬದ ಗೆರೆಗಳು ಎಣಿಸುವ ಹಾಗೆ ಬಂದಿವೆ. ಬಾಯಿ ತೆರೆದೇ ಇದೆ.

ತಳ ಮಗುಚಿದಾಗ ಒಂದು ಸಂಗತಿ ಕಂಡಿತು, ಅದನ್ನು ಹೇಳಲೇಬೇಕು. ಉದ್ದದ ಹಲಗೆಯ ಕೆಳಗಿನ ಅಂಚಿನಲ್ಲಿ, ಒಂದೊಂದು ಕಂಬದ ನೇರಕ್ಕೆ ಉಳಿಯಿಂದ ಹಾಕಿದ ಸಣ್ಣ ಗೀರುಗಳಿವೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಮೇಲೆ ಅಟ್ಟದ ಕಡೆಯಿಂದ ಬೆಳಕು ಓರೆಯಾಗಿ ಬಿದ್ದದ್ದಕ್ಕೆ ಕಂಡವು. ಟಾರ್ಚ್ ಹಿಡಿದು ಕಂಬಗಳ ಬುಡ ನೋಡಿದೆ. ಅಲ್ಲೂ ಅಷ್ಟಷ್ಟೇ ಗೀರು. ಯಾವ ಕಂಬ ಯಾವ ಕುಳಿಯದು ಅಂತ ಮಾಡಿದವರು ಇಟ್ಟ ಲೆಕ್ಕ. ನನ್ನ ಮೊದಲ ಸ್ಕ್ಯಾನಿನಲ್ಲಿ ಸಾಫ್ಟ್‌ವೇರ್ ನುಣ್ಣಗೆ ಮುಚ್ಚಿಬಿಟ್ಟದ್ದು ಇದೇ ಜಾಗವನ್ನು. ಹೋದವು ಮೂರು ಮತ್ತು ನಾಲ್ಕು ಗೀರಿನ ಕಂಬಗಳು. ಐದು ಗೀರಿನ ಕಂಬ ಒಂದು ಕುಳಿ ಈಚೆ, ನಾಲ್ಕರಲ್ಲಿ ಕೂತಿದೆ. ಯಾರೋ ಯಾವಾಗಲೋ ತೆಗೆದು ತಪ್ಪು ಹಾಕಿದ್ದಾರೆ. ಅದಕ್ಕೇ ಅದು ಯಾವಾಗಲೂ ಸಡಿಲ! ನಾವು ಸಣ್ಣವರಿದ್ದಾಗ ಅದನ್ನು ಗಿರಗಿರ ತಿರುಗಿಸುತ್ತಿದ್ದದ್ದು ನೆನಪಿದೆ. ಹಾಗಾದರೆ ಅದು ಆ ಮಳೆಗಾಲದಲ್ಲಿ ತೊಟ್ಟಿಲು ವಾಪಸ್ ಬರುವುದಕ್ಕೂ ಮೊದಲಿನ ತಪ್ಪು. ಯಾರ ಮೇಲೆ ಸಿಟ್ಟಿಟ್ಟುಕೊಂಡಿದ್ದೆನೋ ಅವರದ್ದಷ್ಟೇ ಅಲ್ಲ.

ಕುಳಿಯ ಆಳ ಮೇಲೆ 11, ಕೆಳಗೆ 14 ಮಿಲಿಮೀಟರ್. ಎರಡು ಗೀರಿನ ಕಂಬದಿಂದ ಅರ್ಧದ ಗೆರೆ ತೆಗೆದು ತಿರುಗಿಸಿದೆ. ಹೊಸ ಕಂಬವನ್ನು ಹಳೆಯದರ ಮೇಲೆ ಇಟ್ಟು ಕ್ಲೌಡ್‌ಕಂಪೇರ್‌ನಲ್ಲಿ ದೂರ ನೋಡಿದರೆ ಜಾಸ್ತಿ ಅಂದರೆ 0.4 ಮಿಲಿಮೀಟರ್, ಅದೂ ಮೊಟ್ಟೆಯಾದ ಎರಡು ಬದಿಗಳಲ್ಲಿ ಮಾತ್ರ. ರಟ್ಟು ಕತ್ತರಿಸಿ ಹಳೇ ಹುಬ್ಬಳ್ಳಿಗೆ ಒಯ್ದು ಕೊಟ್ಟೆ. ಹಳೆಯ ಸಾಗವಾನಿ ಚೌಕಟ್ಟಿನ ತುಂಡಿನಿಂದಲೇ ಎರಡು ಕಂಬ, ಒಂದು ಗಿಡ್ಡ ಕಳಸ ಕಡೆದು ಕೊಟ್ಟರು. ಬಣ್ಣ ಹಚ್ಚಿಸಿಲ್ಲ. ಅವುಗಳ ಬುಡದಲ್ಲಿ ಮೂರು ಮತ್ತು ನಾಲ್ಕು ಗೀರು ನಾನೇ ಹಾಕಿದೆ, ಪಕ್ಕದಲ್ಲಿ ಇಸವಿಯನ್ನೂ ಕೊರೆದೆ.

ಚಿತ್ರದ ಬಗ್ಗೆ ಅವ್ವನನ್ನು ಕೇಳಿದೆ. ಸ್ವಲ್ಪ ಹೊತ್ತು ಆ ಹಲಗೆಯ ಮೇಲೆ ಕೈಯಾಡಿಸಿದಳು. "ಒಂದು ಕರಾ ಇತ್ತು, ಬಿಳೀದು. ನೀ ಅದರ ಮೂಗು ಉಗುರಲೆ ಕೆರೀತಿದ್ದಿ" ಅಂದಳು. ಎಷ್ಟು ದೊಡ್ಡದು, ಎತ್ತ ಮುಖ ಅಂದರೆ ಅವಳಿಗೆ ನೆನಪಿಲ್ಲ. ಮಾಡೆಲ್‌ನಲ್ಲಿ ಆ ಜಾಗ ಖಾಲಿ ಇಟ್ಟು, "ಇಲ್ಲಿ ಬಿಳಿ ಕರು ಇತ್ತು, ಅವ್ವ ಹೇಳಿದ್ದು" ಅಂತ ಬರೆದಿದ್ದೇನೆ.

ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಹಳೆಯ ಕಲಘಟಗಿ ತೊಟ್ಟಿಲು ಇದ್ದರೆ ಅಂಚಿನ ಕೆಳಗೆ ಟಾರ್ಚ್ ಓರೆ ಹಿಡಿದು ನೋಡಿ. ಗೀರು ಕಂಡರೆ ಫೋಟೋ ಹಾಕಿ. ಒಂದೇ ಕೈಯವಾ ಅಂತ ಹೋಲಿಸಿ ನೋಡಬೇಕು ಅನಿಸಿದೆ.